ತಂತಿಗೆ ಚುಚ್ಚದ ಕಾಗದ

ಅಪ್ಪಯ್ಯನ ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ಅಮ್ಮ, ಅಮೆರಿಕದಿಂದ ಬಂದಿದ್ದ ಅಣ್ಣ, ಮೂವರೇ. 2024ರ ಆಗಸ್ಟ್. ಸಾಲಿಗ್ರಾಮದಿಂದ ಎರಡು ಮೈಲು ಒಳಗಿರುವ ನಮ್ಮ ಹಂಚಿನ ಮನೆಗೆ ಮಳೆ ಇನ್ನೂ ಬಿಡುವು ಕೊಟ್ಟಿರಲಿಲ್ಲ. ಮಾಡು ಎಲ್ಲೋ ಸೋರುತ್ತಿದೆ ಎಂದು ಅಣ್ಣ ಅಟ್ಟ ಹತ್ತಿದ. ಅರ್ಧ ಗಂಟೆ ಬಿಟ್ಟು ಇಳಿದುಬಂದಾಗ ತಲೆತುಂಬ ಜೇಡರ ಬಲೆ, ಒಂದು ಕೈಯಲ್ಲಿ ಒಡೆದ ಹಂಚು, ಇನ್ನೊಂದು ಕೈಯಲ್ಲಿ ತಂತಿ.

ತಂತಿ ಎಂದರೆ ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮೊಳದುದ್ದದ ಗಟ್ಟಿ ಸರಿಗೆ. ಬುಡದಲ್ಲಿ ಕಾಗದ ಜಾರದಂತೆ ಅಂಗೈಯಗಲದ ಮರದ ಬಿಲ್ಲೆ; ತುದಿ ಕೊಕ್ಕೆಯಂತೆ ಬಾಗಿ ಸೂಜಿಯಷ್ಟು ಚೂಪು. ಬಂದ ಕಾಗದ ಓದಿಯಾದ ಮೇಲೆ ಅದರ ನಡುವಿಗೆ ಈ ತುದಿ ಚುಚ್ಚಿ ಕೆಳಗಿಳಿಸುವುದು, ಚಾವಡಿಯ ಕಂಬದ ಮೊಳೆಗೆ ಮತ್ತೆ ತೂಗಹಾಕುವುದು. ತೀರ್ವೆ ರಸೀದಿ, ಕರೆಂಟು ಬಿಲ್ಲು, ಮದುವೆ ಕರೆಯೋಲೆ, ಬೊಂಬಾಯಿ ಕಾಗದ, ಎಲ್ಲಕ್ಕೂ ಒಂದೇ ತಂತಿ, ಒಂದೇ ತೂತು.

ನಾನು ಉಡುಪಿಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕಾಗದಪತ್ರ ಕಂಡರೆ ತಾರೀಕಿನ ಪ್ರಕಾರ ಜೋಡಿಸುವುದು ಹೊಟ್ಟೆಪಾಡು. ತಂತಿಯಲ್ಲಿದ್ದದ್ದನ್ನಾದರೆ ಜೋಡಿಸುವ ಕೆಲಸವೇ ಇಲ್ಲ. ಮೇಲಿನಿಂದ ಒಂದೊಂದೇ ಬಿಡಿಸುತ್ತ ಹೋದರೆ ಕಾಲ ತಾನಾಗಿ ಹಿಂದೆ ನಡೆಯುತ್ತದೆ. ಮೊದಲು 'ಕರ್ನಾಟಕ' ಹೋಗಿ 'ಮೈಸೂರು ಸ್ಟೇಟ್' ಬಂತು, ಅಂದರೆ 1973ರ ನವೆಂಬರಿನಿಂದ ಹಿಂದೆ ಹೋದೆ. ಇನ್ನಷ್ಟು ಕೆಳಗೆ ಪಿನ್‌ಕೋಡ್ ಮಾಯ. ಅದು ಶುರುವಾದದ್ದೇ 1972ರ ಆಗಸ್ಟ್ 15ಕ್ಕೆ. ಅದರ ಕೆಳಗೆಲ್ಲ ಮನೆಯ ಹೆಸರು, ಊರು, 'ವಯಾ', 'ಸೌತ್ ಕೆನರಾ', ಅಷ್ಟೇ. ಅಷ್ಟರಲ್ಲೇ ಬೊಂಬಾಯಿಯಿಂದ ಹೊರಟದ್ದು ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು.

ಒಕ್ಕಣೆಯೂ ಎಲ್ಲದರದ್ದೂ ಒಂದೇ. ನೆತ್ತಿಯಲ್ಲಿ 'ಶ್ರೀ ಗುರುನರಸಿಂಹ ಪ್ರಸನ್ನ'. ಎಡಮೂಲೆಯಲ್ಲಿ 'ಕ್ಷೇಮ', ಬಲಮೂಲೆಯಲ್ಲಿ ಊರು, ತಾರೀಕು. 'ತೀರ್ಥರೂಪು ತಂದೆಯವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಸುತ್ತಿರಬೇಕು. ಉಭಯಕುಶಲೋಪರಿ.' ಇಷ್ಟಾದ ಮೇಲೆ ಒಂದು ಉಸಿರು ತೆಗೆದುಕೊಂಡು ವಿಷಯಕ್ಕೆ ಬರುವುದು: ಮನಿಯಾರ್ಡರ್ ಮುಟ್ಟಿತೇ, ನಟ್ಟಿ ಮುಗಿಯಿತೇ, ಕಪ್ಪು ದನ ಕರು ಹಾಕಿತೇ. ಹನ್ನೆರಡು ಹದಿಮೂರು ವರ್ಷಕ್ಕೆ ಊರು ಬಿಟ್ಟು ಬೊಂಬಾಯಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಶಾಲೆಯಲ್ಲಿ ಕನ್ನಡ ಗಟ್ಟಿ ಮಾಡಿಕೊಂಡ ಹುಡುಗರ ಅಕ್ಷರ. ಹೋಟೆಲು ಮುಚ್ಚಿದ ಮೇಲೆ ಅದೇ ಟೇಬಲಿನ ಮೇಲೆ ಬರೆದದ್ದಿರಬೇಕು. ಒಂದೆರಡರ ಮೇಲೆ ಎಣ್ಣೆಯ ಕಲೆ ಇನ್ನೂ ಇದೆ.

ಎಣಿಸಿದೆ. ಇನ್ನೂರ ಹದಿನಾರು ಕಾಗದ. ಒಂದರಲ್ಲೂ ಸಾವಿಲ್ಲ.

ಅಷ್ಟು ವರ್ಷ ನಮ್ಮಲ್ಲಿ ಯಾರೂ ಸಾಯಲಿಲ್ಲವೆಂದಲ್ಲ. ಸಾವಿನ ಕಾಗದದ ದಾರಿಯೇ ಬೇರೆ. ಅದಕ್ಕೆ ನೆತ್ತಿಯಲ್ಲಿ ದೇವರ ಹೆಸರಿಲ್ಲ, ಮೂಲೆಯಲ್ಲಿ ಕ್ಷೇಮ ಇಲ್ಲ. ಮದುವೆ ಕಾಗದದ ನಾಲ್ಕು ಮೂಲೆಗೂ ಅರಸಿನ ಹಚ್ಚಿ ಕಳಿಸುವ ಜನ ಇದಕ್ಕೆ ಬರೀ ಶಾಯಿ ಖರ್ಚು ಮಾಡುತ್ತಿದ್ದರು. ಬಿಡಿಸಿದ ಕೂಡಲೇ ಆ ಬೋಳು ನೆತ್ತಿ ಕಂಡವರು ಒಳಗೆ ಬರುವುದಿಲ್ಲ. ಅಂಗಳದಲ್ಲೇ ನಿಂತು ಓದಿ, ಅಲ್ಲೇ ಹರಿದು, ತೆಂಗಿನ ಬುಡಕ್ಕೋ ಬಚ್ಚಲ ಒಲೆಗೋ ಹಾಕಿ, ಸೀದಾ ಸ್ನಾನಕ್ಕೆ. ಮೈಲಿಗೆ ಬರುವುದು ಸುದ್ದಿಯಿಂದಲೋ ಕಾಗದದಿಂದಲೋ ಎಂದು ಚಿಕ್ಕವಳಿದ್ದಾಗ ಅಮ್ಮಮ್ಮನನ್ನು, ಅಂದರೆ ಅಪ್ಪಯ್ಯನ ಅಮ್ಮನನ್ನು, ಕೇಳಿದ್ದೆ. "ಎರಡರಿಂದ್ಲೂ. ನೀ ದೂರ ನಿಲ್" ಎಂದಿದ್ದರು.

ಹಾಗಾಗಿ ತಂತಿಯ ತುಂಬ ಕ್ಷೇಮವೇ ಕ್ಷೇಮ. ಆದರೂ ಸಾವು ಅಡಗಿ ಕೂತಿರುತ್ತದೆ, ಸಂಬೋಧನೆಯಲ್ಲಿ. 1969ರ ಮಾರ್ಚ್‌ವರೆಗೆ 'ತೀರ್ಥರೂಪು ತಂದೆಯವರಿಗೆ' ಎಂದು ಬರೆಯುತ್ತಿದ್ದ ದೊಡ್ಡಪ್ಪಯ್ಯ ಜೂನಿನ ಕಾಗದದಲ್ಲಿ 'ಮಾತೃಶ್ರೀ ಅಮ್ಮನಿಗೆ' ಎನ್ನುತ್ತಾರೆ. ಅಮ್ಮಮ್ಮನ ತಂಗಿ ಅಲ್ಲಿಯವರೆಗೆ 'ಸೌ. ಅಕ್ಕನವರಿಗೆ' ಎಂದು ಶುರುಮಾಡುತ್ತಿದ್ದವರು ಅದೇ ಜೂನಿನಿಂದ ಬರೀ 'ಅಕ್ಕನವರಿಗೆ'. ಒಂದು ಅಕ್ಷರ, ಒಂದು ಚುಕ್ಕಿ ಉದುರಿದೆ. ಅಜ್ಜಯ್ಯ ಹೋದದ್ದು ಈ ಎರಡು ಕಾಗದಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ. ಆ ಚುಕ್ಕಿ ತೆಗೆಯುವಾಗ ತಂಗಿಯ ಕೈ ಒಂದು ಕ್ಷಣವಾದರೂ ನಿಂತಿತ್ತೋ ಏನೋ. ಅಕ್ಷರವಂತೂ ಎಂದಿನಷ್ಟೇ ದುಂಡಗಿದೆ.

ತಂತಿ ಎಂಬ ಶಬ್ದಕ್ಕೆ ಇನ್ನೊಂದು ಅರ್ಥವೂ ಇತ್ತಲ್ಲ. ಟೆಲಿಗ್ರಾಮ್. 'ತಂತಿ ಬಂತು' ಎಂದರೆ ಬಿಡಿಸುವ ಮೊದಲೇ ಒಳಗೆ ಹೆಂಗಸರ ಅಳು ಶುರು. ಅದರಲ್ಲಿ ಬರುತ್ತಿದ್ದದ್ದು ಎಲ್ಲ ಮನೆಗೂ ಒಂದೇ ನಾಲ್ಕು ಶಬ್ದ: 'ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ'. ಸೀರಿಯಸ್ ಎಂದರೆ ಹೋಗಿಯಾಗಿದೆ ಎಂದೇ ಲೆಕ್ಕ. ಕಳಿಸಿದವನಿಗೂ ಗೊತ್ತು, ತಂದುಕೊಟ್ಟವನಿಗೂ ಗೊತ್ತು, ಓದಿದವನಿಗೂ ಗೊತ್ತು. ಕೊಂಕಣ ರೈಲು ಬಂದದ್ದು 1998ರಲ್ಲಿ. ಅದಕ್ಕೆ ಮೊದಲು ಬೊಂಬಾಯಿಯಿಂದ ಊರಿಗೆ ಘಟ್ಟ ಸುತ್ತಿ ಬಸ್ಸಿನಲ್ಲಿ ಬರುವುದೆಂದರೆ ಸಣ್ಣ ದಾರಿಯಲ್ಲ. ಆ ದಾರಿಯುದ್ದಕ್ಕೂ ಮಗನಿಗೆ ಕಚ್ಚಿಕೊಳ್ಳಲು ಒಂದು ಎಳೆ ಆಸೆ ಇರಲಿ ಎಂದು ಊರಿಗೆ ಊರೇ ಸೇರಿ ಹೇಳುತ್ತಿದ್ದ ಸುಳ್ಳು ಅದು. ತಂತಿ ಸೇವೆ 2013ರ ಜುಲೈ 15ಕ್ಕೆ ನಿಂತಿತು. ಸುಳ್ಳು ನಿಲ್ಲಲಿಲ್ಲ, ಈಗ ಫೋನಿನಲ್ಲಿ "ಸ್ವಲ್ಪ ಹುಷಾರಿಲ್ಲೆ, ಒಂದ್ಸಲ ಬಂದ್ ಹೋಗು" ಎನ್ನುತ್ತೇವೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬರು ಬಾಯಮ್ಮ ಇದ್ದರು. ಅವರಿಗೆ ಕಾಗದ ಬೇಕಿರಲಿಲ್ಲ, ಇಗರ್ಜಿಯ ಗಂಟೆ ಬಡಿಯುವ ರೀತಿಯಿಂದಲೇ ಗೊತ್ತಾಗುತ್ತಿತ್ತು. ಗಂಟೆ ಕೇಳಿದ ಕೂಡಲೇ ಕೆಲಸ ಬಿಟ್ಟು ಶಿಲುಬೆಯ ಗುರುತು ಮಾಡಿ ಎರಡು ನಿಮಿಷ ಪ್ರಾರ್ಥನೆ. ಯಾರು ಹೋದದ್ದೆಂದು ವಿಚಾರಿಸುವುದು ಆಮೇಲೆ. ಆ ಕ್ರಮ ನನಗೆ ತುಂಬ ಹಿಡಿಸುತ್ತಿತ್ತು. 1970ರ ಜನವರಿಯಲ್ಲಿ ಮಣಿಪಾಲದಿಂದ ಉದಯವಾಣಿ ಶುರುವಾಯಿತಲ್ಲ, ಆಮೇಲೆ ನಮ್ಮ ಕಡೆಯ ಸಾವುಗಳೆಲ್ಲ ಪೇಪರಿನಲ್ಲಿ ಬರತೊಡಗಿದವು. ಅಮ್ಮಮ್ಮ ಕನ್ನಡಕ ಹಾಕಿಕೊಂಡು ಮೊದಲು ಬಿಡಿಸುತ್ತಿದ್ದದ್ದು 'ನಿಧನ' ಇದ್ದ ಪುಟವನ್ನೇ. ಅದಕ್ಕೆ ಮಾತ್ರ ಮೈಲಿಗೆ ಇರಲಿಲ್ಲ. ಅಚ್ಚಾದ ಸಾವಿಗೆ ಸೂತಕ ಇಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ.

ಅಪ್ಪಯ್ಯನ ಸುದ್ದಿಯನ್ನು ನಾನು ಬರೆದದ್ದು ಮೊಬೈಲಿನಲ್ಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, 'ನಮ್ಮ ಅಪ್ಪಯ್ಯ' ಎಂದು ಬರೆದು, 'ತೀರಿಕೊಂಡರು', 'ದೈವಾಧೀನರಾದರು', 'ಇನ್ನಿಲ್ಲ' ಮೂರನ್ನೂ ಬರೆದು ಬರೆದು ಅಳಿಸಿದೆ. ಮೊದಲು ಅಣ್ಣನಿಗೆ ಫೋನು ಮಾಡಿ ಆಮೇಲೆ ಗ್ರೂಪಿಗೆ ಹಾಕುವುದೆಂದು ನನ್ನ ಎಣಿಕೆ. ಅಷ್ಟರಲ್ಲಿ ಸುದ್ದಿ ಹೇಗೋ ತಿಳಿದ ನೆಂಟರೊಬ್ಬರು ಅಪ್ಪಯ್ಯನ ಹಳೆಯ ಫೋಟೋಕ್ಕೆ ಹೂವಿನ ಚೌಕಟ್ಟು ಕಟ್ಟಿ, ಕೆಳಗೆ 'ಓಂ ಶಾಂತಿ' ಬರೆದು ಗ್ರೂಪಿಗೆ ಹಾಕಿಯಾಗಿತ್ತು. ನಾನು ಫೋನು ಮಾಡಿದಾಗ ಅಣ್ಣ "ಕಂಡೆ" ಎಂದ. ಇನ್ನೇನೂ ಹೇಳಲಿಲ್ಲ. ಇಲ್ಲಿ ಬೆಳಗಿನ ಜಾವ ಐದು ಗಂಟೆ; ನ್ಯೂಜೆರ್ಸಿಯಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಏಳೂವರೆ. ಅವನ ಕ್ಯಾಲೆಂಡರಿನಲ್ಲಿ ಅಪ್ಪಯ್ಯ ಒಂದು ದಿನ ಮೊದಲೇ ತೀರಿಕೊಂಡಿದ್ದಾರೆ.

ಅಣ್ಣ ಬಂದಿಳಿದ ದಿನ ಅದನ್ನೇ ಪುರೋಹಿತರ ಹತ್ತಿರ ಕೇಳಿದ. ಅವರು ನಕ್ಕು, ಮಾಡುವುದೆಲ್ಲ ಇಲ್ಲಿಯ ತಿಥಿಗೇ ಎಂದರು. ಅವನು ಬಿಡಲಿಲ್ಲ. ಹತ್ತು ದಿನದೊಳಗೆ ಸುದ್ದಿಯೇ ತಲುಪದಿದ್ದರೆ? ಆಗ ಅವರು ಕಾಲು ಮಡಚಿ ಸರಿಯಾಗಿ ಕೂತರು. ಹತ್ತು ದಿನದೊಳಗೆ ಕೇಳಿದರೆ ಉಳಿದಷ್ಟು ದಿನ ಸೂತಕ. ಹತ್ತು ಕಳೆದ ಮೇಲೆ ಕೇಳಿದರೆ ದೂರದ ದಾಯಾದಿಗಳಿಗೆ ಕಡಿಮೆಯಾಗುತ್ತ ಹೋಗಿ, ವರ್ಷ ಕಳೆದ ಮೇಲಾದರೆ ಒಂ‌ದು ಸ್ನಾನಕ್ಕೆ ಮುಗಿಯುತ್ತದೆ. ಆದರೆ ತಂದೆತಾಯಿಯ ಸಾವು ಕೇಳಿದ ಮಗನಿಗೆ ಆ ರಿಯಾಯಿತಿ ಇಲ್ಲ. ಎಷ್ಟು ದೂರದಲ್ಲಿರಲಿ, ಎಷ್ಟೇ ತಡವಾಗಿ ಕೇಳಲಿ, ಕೇಳಿದ ದಿನದಿಂದ ಪೂರ್ತಿ ಹತ್ತು ದಿನ.

ನನಗೆ ಶಾಸ್ತ್ರದ ಮೇಲೆ ಅಂಥ ಭಕ್ತಿಯೇನಿಲ್ಲ. ಅಪ್ಪಯ್ಯನನ್ನು ಹನ್ನೊಂದು ತಿಂಗಳು ನೋಡಿಕೊಂಡ ನನಗೆ ಮೂರು ದಿನದ ಸೂತಕ, ವಿಮಾನದಲ್ಲಿ ಬಂದ ಅಣ್ಣನಿಗೆ ಹತ್ತು ದಿನ; ಮದುವೆಯಾಗಿ ಗೋತ್ರ ಬದಲಾದ ಹೆಣ್ಣಿಗೆ ಅಷ್ಟೇ ಅಂತೆ. ನಾಲ್ಕನೆಯ ದಿನ ನನ್ನನ್ನು ದೇವರ ಕೋಣೆಗೆ ಹೋಗಬಹುದು ಎಂದಾಗ ಬೇಕೆಂದೇ ಹೋಗಲಿಲ್ಲ. ಆದರೂ ಈ ಒಂದು ಕಟ್ಟಳೆಯ ಮುಂದೆ ನಾನು ಸುಮ್ಮನಾದೆ. ಸಾವು ಆಗುವುದು ಎರಡು ಕಡೆ, ಸತ್ತವನಲ್ಲಿ ಒಮ್ಮೆ, ಕೇಳಿದವನಲ್ಲಿ ಒಮ್ಮೆ, ಎಂದು ಇದನ್ನು ಬರೆದವರಿಗೆ ಗೊತ್ತಿತ್ತು. ಬೊಂಬಾಯಿಗೋ ಕಾಶಿಗೋ ಹೋಗಿ ವರ್ಷಗಟ್ಟಲೆ ಸುದ್ದಿಯಿಲ್ಲದ ಮಕ್ಕಳ ಕಾಲದ ತಿಳಿವಳಿಕೆ ಅದು.

ಅದರ ಇನ್ನೊಂದು ಮಗ್ಗುಲು ಆಗ ನನಗೆ ಹೊಳೆದಿರಲಿಲ್ಲ. ಕೇಳಿದ ಮೇಲೆಯೇ ಸೂತಕ ಎಂದಾದರೆ, ಕೇಳಿಸದೆ ಇಡಲೂಬಹುದು.

ತಂತಿಯ ಜೊತೆ ಅಣ್ಣ ಅಟ್ಟದಿಂದ ಹಳೆಯ ಪಂಚಾಂಗಗಳ ಕಟ್ಟನ್ನೂ ಇಳಿಸಿದ್ದ. ಅಜ್ಜಯ್ಯ ಒಂದನ್ನೂ ಎಸೆದವರಲ್ಲ. ಅದರಲ್ಲಿ ಒಂದರ ರಟ್ಟಿನ ಮೇಲೆ 'ಕ್ರೋಧಿ' ಎಂದಿತ್ತು. ಹದಿನೈದು ದಿನದಿಂದ ಅಪರಕರ್ಮದ ಸಂಕಲ್ಪದಲ್ಲಿ ದಿನಾ ಬೆಳಿಗ್ಗೆ 'ಕ್ರೋಧಿನಾಮ ಸಂವತ್ಸರೇ' ಎಂದು ಕೇಳಿ ಕೇಳಿ ಕಿವಿಗೆ ಕಟ್ಟಿಹೋದ ಹೆಸರು. ಅರವತ್ತು ವರ್ಷಕ್ಕೆ ಸಂವತ್ಸರಗಳ ಸುತ್ತು ಮುಗಿದು ಮತ್ತೆ ಅದೇ ಬರುತ್ತದೆ. ಇದು ಹಿಂದಿನ ಕ್ರೋಧಿ, 1964. ಅತ್ತೆಯ, ಅಂದರೆ ಅಪ್ಪಯ್ಯನ ಅಕ್ಕನ, ಮದುವೆಯಾದ ವರ್ಷ. ಆ ಪುಟ ನೋಡೋಣವೆಂದು ಬಿಡಿಸಿದರೆ ವೈಶಾಖದ ನಡುವೆ ಮಡಚಿಟ್ಟ ನೀಲಿ ಇನ್‌ಲ್ಯಾಂಡ್. ಅದಕ್ಕೆ ತಂತಿ ಚುಚ್ಚಿದ ತೂತು ಇರಲಿಲ್ಲ. ನೆತ್ತಿ ಬೋಳು.

'ಬೊಂಬಾಯಿ, 14-5-64. ಮಹನೀಯರಿಗೆ ನಮಸ್ಕಾರಗಳು. ಬರೆಯಬಾರದ್ದನ್ನು ಬರೆಯಬೇಕಾಗಿ ಬಂದಿದೆ. ನಿಮ್ಮ ಭಾವನವರು ನಿನ್ನೆ ಬುಧವಾರ ಬೆಳಿಗ್ಗೆ ದೈವಾಧೀನರಾದರು. ಹೊಟ್ಟೆನೋವೆಂದು ಶನಿವಾರ ಆಸ್ಪತ್ರೆಗೆ ಸೇರಿಸಿದ್ದೆವು. ಕೈಲಾದದ್ದು ಮಾಡಿದೆವು. ಸಂಸ್ಕಾರವನ್ನು ಹೋಟೆಲಿನವರೆಲ್ಲ ಸೇರಿ ಕ್ರಮಪ್ರಕಾರ ಮಾಡಿದ್ದೇವೆ, ಮಂತ್ರಕ್ಕೆ ನಮ್ಮ ಕಡೆಯವರೇ ಸಿಕ್ಕಿದರು. ತಂತಿ ಕೊಡುವ ಎಂದರು ಮಾಲಕರು. ಮದುವೆ ಮನೆಗೆ ತಂತಿ ಹೋದರೆ ಊರಿಗೇ ತಿಳಿಯುತ್ತದೆಂದು ನಾನೇ ಬೇಡವೆಂದೆ. ನೀವು ಸಮಯ ನೋಡಿ ಅಕ್ಕನವರಿಗೆ ತಿಳಿಸಬೇಕು. ಪೆಟ್ಟಿಗೆಯಲ್ಲಿ ಎರಡು ಪಂಚೆ, ನಲವತ್ತೆರಡು ರೂಪಾಯಿ, ಮದುವೆಗೆ ಹೊರಡಲು ತೆಗೆದಿದ್ದ ಬಸ್ಸಿನ ಟಿಕೆಟು ಇದೆ. ಟಿಕೆಟಿನ ಹಣ ವಾಪಸು ಕೊಡುತ್ತಾರೋ ಕೇಳಿ ನೋಡುತ್ತೇನೆ.'

ಬರೆದವರ ಸಹಿ ಮಾತ್ರ ಇದೆ, ಯಾರೆಂದು ಈಗ ಹೇಳುವವರಿಲ್ಲ. ಆ ಟಿಕೆಟಿನ ಸಾಲಿಗೆ ಬಂದಾಗ ನಾನು ಕಾಗದ ಮಡಚಿಟ್ಟು ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ತೀರಿಕೊಂಡದ್ದು ಅಮ್ಮಮ್ಮನ ಒಬ್ಬನೇ ತಮ್ಮ, ನಮ್ಮ ಮನೆಯ ಮಾತಿನಲ್ಲಿ 'ಬೊಂಬಾಯಿ ಮಾವ'. ಅವನ ಕಥೆಯನ್ನು ಅಮ್ಮಮ್ಮನ ಬಾಯಲ್ಲಿ ನಾವು ಮೊಮ್ಮಕ್ಕಳು ಎಷ್ಟು ಸಲ ಕೇಳಿಲ್ಲ! ಸೊಸೆಯ ಮದುವೆಗೆಂದು ಮೂರು ತಿಂಗಳು ಮೊದಲೇ ಧಾರೆ ಸೀರೆ ಕಳಿಸಿದ್ದ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಬರಲಿಲ್ಲ. "ಈಗ ಬತ್ತ, ಇನ್ನೊಂದ್ ಬಸ್ಸಿಗೆ ಬತ್ತ ಅಂದೇಳಿ ದಾರಿ ಕಾಂತಾ ಇದ್ದೆ. ಪಾಯಸ ಬಡಿಸುವತಿಗೂ ಕಣ್ಣ್ ಹೆಬ್ಬಾಗ್ಲ ಮೇಲೇ." ಕೊನೆಗೆ ದೂರದ ಸಂಬಂಧದ ಒಬ್ಬರು ಮಾವನ ಜಾಗದಲ್ಲಿ ನಿಂತರು. ಮದುವೆಯಾದ ಮುಂದಿನ ವಾರ, ಮೇ 27ರ ಬುಧವಾರ, ನೆಹರೂ ತೀರಿಕೊಂಡರು. ಪೇಟೆಯ ಹೋಟೆಲಿನ ರೇಡಿಯೋದಿಂದ ಆ ಸುದ್ದಿ ಸಂಜೆಯೊಳಗೆ ನಮ್ಮ ಹಳ್ಳಿಗೂ ಬಂತು. "ನೆಹರೂ ಹೋದ ವಾರವೇ ನನ್ನ ತಮ್ಮನೂ ಹೋದ" ಎಂದು ಅಮ್ಮಮ್ಮ ಕಥೆ ಮುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದೇವೆ.

ಇನ್‌ಲ್ಯಾಂಡಿನ ಹಿಂದುಗಡೆ ಎರಡು ದುಂಡು ಮುದ್ರೆ. ಒಂದು ಬೊಂಬಾಯಿಯದು, ಮಸುಕು. ಇನ್ನೊಂದು ಇಲ್ಲಿಯ ಅಂಚೆ ಕಚೇರಿಯದು, ನಿನ್ನೆ ಒತ್ತಿದಂತಿದೆ: 18 ಮೇ 1964. ಸೋಮವಾರ. ಮದುವೆ 20ಕ್ಕೆ, ಬುಧವಾರ. ಪಂಚಾಂಗದ ಅದೇ ಪುಟದಲ್ಲಿ 20ರ ಸಾಲಿಗೆ ಅಜ್ಜಯ್ಯ ಕುಂಕುಮದ ಬೊಟ್ಟಿಟ್ಟು 'ಚಿ. ಸೌ.ಳ ಧಾರೆ' ಎಂದು ಬರೆದಿದ್ದಾರೆ.

ಎರಡು ದಿನ ಕಾಗದವನ್ನು ಎಲ್ಲಿಟ್ಟಿದ್ದರೋ. ಪಂಚೆಯ ಸೆರಗಿನಲ್ಲೋ, ಭತ್ತದ ಕಣಜದಲ್ಲೋ.

ನಾನು ಅಜ್ಜಯ್ಯನ ಮೇಲೆ ಸಿಟ್ಟುಮಾಡಿಕೊಂಡೆ. ಕಂಡೇ ಇಲ್ಲದ ಅಜ್ಜನ ಮೇಲೆ ಸಿಟ್ಟುಮಾಡುವುದು ಸುಲಭ. ಸೂತಕದ ಭಯವೆಂದು ಹೇಳುವ ಹಾಗೂ ಇರಲಿಲ್ಲ. ಮದುವೆಯಾಗಿ ಹೋದ ಹೆಣ್ಣಿಗೆ ಅಣ್ಣತಮ್ಮಂದಿರ ಸೂತಕ ಮೂರು ದಿನವೂ ಇಲ್ಲ. ನಾಂದಿಯೊಂದು ಆಗಿಬಿಟ್ಟರೆ ಆಮೇಲೆ ಕೇಳಿದ ಯಾವ ಸಾವೂ ಮದುವೆಗೆ ತಾಗುವುದಿಲ್ಲ. ಇದೆಲ್ಲ ಅಜ್ಜಯ್ಯನಿಗೆ ಬಾಯಿಪಾಠ. ನಾಂದಿ ಮುಗಿದ ಗಳಿಗೆಯಲ್ಲಿ ಹೆಂಡತಿಯನ್ನು ಹಿತ್ತಿಲಿಗೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಚಪ್ಪರ ಎದ್ದಿತ್ತು, ಅಡಿಗೆಯವರು ಬಂದಾಗಿತ್ತು, ಗಂಡಿನ ಕಡೆಯವರು ಹೊರಟಾಗಿತ್ತು. ಅವರ ಲೆಕ್ಕದಲ್ಲಿ ಅಮ್ಮಮ್ಮ ಅಳಬಾರದಿತ್ತು, ಅಷ್ಟೇ. ತಮ್ಮ ಸತ್ತು ವಾರವಾದ ಹೆಂಗಸು ಪಾಯಸದ ಸೌಟು ಹಿಡಿದು ಹೆಬ್ಬಾಗಿಲು ನೋಡುತ್ತಿದ್ದರೆ, ಅದೇ ಪಂಕ್ತಿಯ ತುದಿಯಲ್ಲಿ ಕೂತು ಇವರು ಹೇಗೆ ಉಂಡರು?

ಅಣ್ಣ ಮಾತ್ರ ಅಜ್ಜಯ್ಯನ ಪರ. "ನಂಗೂ ಯಾರಾದ್ರೂ ಎರಡು ದಿನ ತಡೆದು ಹೇಳಿದ್ರೆ ಆಗ್ತಿತ್ತು" ಎಂದ. ಹೂವಿನ ಚೌಕಟ್ಟಿನ ಆ ಫೋಟೋ ಅವನ ಗಂಟಲಿಂದ ಇನ್ನೂ ಇಳಿದಿರಲಿಲ್ಲ.

ಪುಟವನ್ನು ಮತ್ತೊಮ್ಮೆ ನೋಡಿದ್ದು ರಾತ್ರಿ, ದೀಪದ ಹತ್ತಿರ ಹಿಡಿದು. ಮೇ 13ರ ಸಾಲಿನ ಬದಿಯಲ್ಲಿ ಪೆನ್ಸಿಲಿನ ಅಕ್ಷರ. ಅಜ್ಜಯ್ಯನ ಮುತ್ತಿನಂಥ ಬರಹವಲ್ಲ; ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟ ಕೈ ಒತ್ತಿ ಒತ್ತಿ ಬರೆದದ್ದು. 'ತಮ್ಮ'. ಮತ್ತೇನಿಲ್ಲ.

ಅಲ್ಲಿಗೆ ಅಮ್ಮಮ್ಮ ಕಾಗದ ಓದಿದ್ದರು. ಹರಿದು ಹಾಕಬೇಕಾದದ್ದನ್ನು ಹರಿಯದೆ, ಮೈಲಿಗೆಯೆಂದು ನಮ್ಮನ್ನೆಲ್ಲ ದೂರ ನಿಲ್ಲಿಸುತ್ತಿದ್ದ ಅದೇ ಅಮ್ಮಮ್ಮ, ದೇವರ ಕೋಣೆಯಲ್ಲಿರುವ ಪಂಚಾಂಗದೊಳಗೆ ಇಟ್ಟಿದ್ದರು. ಓದು ಬರುವವರಿಗೆ ಹಿಂದುಗಡೆಯ ಮುದ್ರೆ ಕಾಣದೆ ಇರುತ್ತದೆಯೇ? ತನ್ನ ಗಂಡ ಎರಡು ದಿನ ಏನು ಮಾಡಿದ್ದಾನೆಂದು ಅವರಿಗೆ ಗೊತ್ತಿತ್ತು. ಮತ್ತೂ ಐದು ವರ್ಷ ಅವರ ಜೊತೆ ಬಾಳಿದರು. ಅವರು ಹೋದ ಮೇಲೆ ಇನ್ನೂ ಮೂವತ್ತು ವರ್ಷ ನಮಗೆಲ್ಲ ನೆಹರೂ ಕಥೆಯನ್ನೇ ಹೇಳಿದರು, ಒಂದು ಸಲವೂ ತಾರೀಕು ತಪ್ಪದೆ. ಕಾಗದ ಇಟ್ಟುಕೊಂಡದ್ದು ಗಂಡನ ಮೇಲಿನ ಸಾಕ್ಷಿಯೆಂದೋ, ತಮ್ಮನ ಸುದ್ದಿ ಹೊತ್ತ ಕೊನೆಯ ಕಾಗದವೆಂದೋ. ನನಗೆ ಒಂದೊಂದು ದಿನ ಒಂದೊಂದು ಥರ ಕಾಣುತ್ತದೆ.

ಅಪ್ಪಯ್ಯನದೊಂದು ವಿಚಿತ್ರ ಅಭ್ಯಾಸವಿತ್ತು. ಪೋಸ್ಟಿನಲ್ಲಿ ಏನೇ ಬರಲಿ, ಬ್ಯಾಂಕಿನ ಕಾಗದವೇ ಆಗಲಿ, ಕೂಡಲೇ ಬಿಡಿಸುತ್ತಿರಲಿಲ್ಲ. ಗೋಡೆ ಗಡಿಯಾರದ ಮೇಲೆ ಇಟ್ಟುಬಿಡುವುದು. ಎಲ್ಲರದ್ದೂ ಊಟವಾಗಬೇಕು, ಅಮ್ಮ ಊಟ ಮುಗಿಸಿ ಕೈತೊಳೆದು ಬರಬೇಕು, ಆಮೇಲೆ ಕತ್ತರಿ. ನಾನು ಕಾಲೇಜಿನಲ್ಲಿದ್ದಾಗ ಕೆಲಸದ ಆರ್ಡರ್ ಬಂದ ಲಕೋಟೆಯೂ ಹಾಗೆ ಎರಡು ಗಂಟೆ ಗಡಿಯಾರದ ಮೇಲೆ ಕೂತಿತ್ತು, ನಾನು ಕೂಗಾಡಿದ್ದೆ. 1964ರಲ್ಲಿ ಅವರಿಗೆ ಹದಿನಾಲ್ಕು ವರ್ಷ. ಪೋಸ್ಟಿನವನ ಸೈಕಲ್ಲಿನ ಗಂಟೆ ಕೇಳಿದರೆ ಓಡಿಹೋಗಿ ಕಾಗದ ತರುವುದು ಮನೆಯ ಸಣ್ಣ ಮಾಣಿಯ ಕೆಲಸ. ಆ ಸೋಮವಾರ ನೀಲಿ ಇನ್‌ಲ್ಯಾಂಡನ್ನು ಅಜ್ಜಯ್ಯನ ಕೈಗೆ ಕೊಟ್ಟದ್ದು ಯಾರು, ಅಜ್ಜಯ್ಯ ಅದನ್ನು ಓದುವಾಗ ಎದುರು ನಿಂತಿದ್ದದ್ದು ಯಾರು ಎಂದು ಕೇಳಬಹುದಿತ್ತು. ಹದಿನೈದು ದಿನ ತಡವಾಯಿತು.

ಕೇಳಲು ಉಳಿದವರೆಂದರೆ ಅತ್ತೆ ಒಬ್ಬರೇ. ಡೊಂಬಿವಲಿಯಲ್ಲಿದ್ದಾರೆ, ಎಪ್ಪತ್ತೊಂಬತ್ತು ವರ್ಷ, ಮಂಡಿನೋವು. ತಮ್ಮನ ಕ್ರಿಯೆಗೂ ಬರಲಾಗಲಿಲ್ಲ. ಮರುದಿನ ನಾನೇ ಫೋನು ಮಾಡಿದೆ. ಅಟ್ಟ ಗುಡಿಸಿದ್ದು, ತಂತಿ ಸಿಕ್ಕಿದ್ದು, ಅವರು ಹೊಸ ಮದುಮಗಳಾಗಿ ತವರಿಗೆ ಬರೆದ ಕಾಗದಗಳು ಇದ್ದದ್ದು ಹೇಳಿದೆ. ಬಹಳ ಖುಷಿಯಾಯಿತು ಅವರಿಗೆ. ಮಾತಿನ ನಡುವೆ, ಬೊಂಬಾಯಿ ಮಾವ ಹೋದ ಸುದ್ದಿಯ ಕಾಗದವೂ ಇತ್ತು ಎಂದು ಬಾಯಿಂದ ಜಾರಿತು.

ಫೋನಿನ ಆಚೆ ಸ್ವಲ್ಪ ಹೊತ್ತು ಟೀವಿಯ ಮರಾಠಿ ಮಾತ್ರ ಕೇಳುತ್ತಿತ್ತು. ಆಮೇಲೆ ಯಾರಿಗೋ ಅದನ್ನು ಸಣ್ಣ ಮಾಡು ಎಂದರು.

"ಅಂವ ಕಳ್ಸಿದ್ ಸೀರೆ ಉಟ್ಟೇ ನನ್ನ ಧಾರೆ ಆದ್ದ್, ಗೊತ್ತಿತ್ತಲ್ದಾ ನಿಂಗೆ?"

"ಗೊತ್ತಿತ್ತ್ ಅತ್ತೆ."

"ನಂಗೆ ಅಪ್ಪಯ್ಯ ಹೇಳಿದ್ದ್ ಆಸಾಡಿಗೆ ಬಂದಾಗ. ಮದಿ ಎಲ್ಲ ಆಯಿ, ನೆಹರೂ ಹೋದ ವಾರ ಹೋದ ಅಂದೇಳಿ. ನಾ ಮದಿ ಮರುದಿನ ಅವನಿಗೆ ಕಾಗ್ದ ಬರ್ದಿದ್ದೆ ಕಾಣ್. ಸೀರೆ ಎಲ್ರಿಗೂ ಹಿಡಿಸ್ತ್, ನೀ ಬರ್ಲಿಲ್ಲೆ ಅಂತ ನಂಗೆ ಸಿಟ್ಟಿತ್ತ್ ಅಂತೆಲ್ಲ. ನಿನ್ನ ಅಪ್ಪಯ್ಯನ ಕೈಯಲ್ಲೇ ಪೋಸ್ಟಿಗೆ ಕೊಟ್ಟಿದ್ದೆ. ಆ ಮಾಣಿ ಕಾಗ್ದ ಹಿಡ್ಕಂಡ್ ಸುಮಾರ್ ಹೊತ್ತು ಅಲ್ಲೇ ನಿಂತಿತ್ತ್. ಹೋಗಾ, ಪೋಸ್ಟ್ ಹೋತ್ತ್ ಅಂದೇಳಿ ನಾನೇ ಗದರ್ಸಿ ಓಡ್ಸದ್ದ್."

ನಾನು ಏನೂ ಹೇಳಲಿಲ್ಲ. ಇನ್‌ಲ್ಯಾಂಡು ನನ್ನ ತೊಡೆಯ ಮೇಲೇ ಇತ್ತು.

"ಬೊಂಬಾಯಿಗೆ ಕಾಗ್ದ ಮುಟ್ಟೂಕೆ ಆಗ ನಾಕ್ ದಿನ" ಎಂದರು ಅತ್ತೆ. ಬೆರಳು ಮಡಚಿ ಎಣಿಸುತ್ತಿದ್ದರೆಂದು ಕಾಣುತ್ತದೆ. "ಇಪ್ಪತ್ತೊಂದಕ್ಕೆ ಹಾಕಿದ್ದ್. ಇಪ್ಪತ್ತೈದ್ರೊಳಗೆ ಅವನ ಕೈಗೆ ಸಿಕ್ಕಿರ್ತಿತ್ತ್, ಅಲ್ದಾ? ಓದಿರ್ತ. ನಂಗೆ ಯಾವಾಗ್ಲೂ ಅದೊಂದ್ ಸಮಾಧಾನ. ಆ ಕಾಗ್ದದಲ್ಲಿ ಕಾಣ್ ಮಗಾ, ಅಂವ ಹೋದ್ದ್ ಯಾವತ್ತ್ ಅಂತ ಬರ್ದಿತ್ತಾ?"

ಮಾಡಿನಿಂದ ಸೋರುವ ನೀರು ಕೊಡಪಾನಕ್ಕೆ ಬೀಳುತ್ತಿತ್ತು. ಅಣ್ಣ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ.

"ತಾರೀಕಿನ ಜಾಗಕ್ಕೆ ಗೆದ್ದಲು ಹಿಡಿದಿತ್ತ್ ಅತ್ತೆ" ಎಂದೆ. "ಎಂತದೂ ಕಾಂತಿಲ್ಲೆ."

"ಹೌದಾ" ಎಂದರು. ಆಮೇಲೆ ಊರಲ್ಲಿ ಮಳೆ ಹೇಗಿದೆ ಎಂದು ಕೇಳಿದರು.